ಯೂಟ್ಯೂಬ್ ಓಡುತ್ತೆ, ಬ್ಯಾಂಕ್ ಪೇಜ್ ತೆರೆಯಲ್ಲ: ಬ್ರಿಡ್ಜ್‌ನಲ್ಲಿ ಮಾಯವಾಗುವ ದೊಡ್ಡ ಪ್ಯಾಕೆಟ್‌ಗಳು

ಕೊಡಗಿನ ತೋಟದ ಮನೆಗಳಿಗೂ ಈಗ ಫೈಬರ್ ಬಂದಿದೆ. ಆದರೆ ಅದು ಬಂದು ನಿಲ್ಲುವುದು ರಸ್ತೆ ಹತ್ತಿರದ ದೊಡ್ಡ ಮನೆಯಲ್ಲಿ. ಹೋಂಸ್ಟೇ ಕಾಟೇಜ್ ಇರುವುದು ಗದ್ದೆ ದಾಟಿ, ಎದುರಿನ ಬರೆಯ ಮೇಲೆ. ಅಲ್ಲಿಯವರೆಗೆ ಕೇಬಲ್ ಎಳೆದರೆ ಜೂನ್ ಗಾಳಿಗೆ ಬೀಳುವ ಒಂದು ಸಿಲ್ವರ್ ಓಕ್ ಕೊಂಬೆ ಸಾಕು, ಕತೆ ಮುಗಿಯಿತು. ಹಾಗಾಗಿ ಎರಡೂ ಕಡೆ ರೇಡಿಯೊ ಡಿಶ್ ನಿಲ್ಲಿಸಿ, ಎರಡು ಕಡೆಯ ನೆಟ್‌ವರ್ಕನ್ನೂ ಸೇರಿಸಿ ಒಂದೇ ಮಾಡಿಬಿಡುತ್ತಾರೆ. ಈ ಜೋಡಣೆಗೆ ಬ್ರಿಡ್ಜ್ ಅನ್ನುತ್ತಾರೆ.

ಆಮೇಲೆ ಶುರುವಾಗುವ ದೂರು ಸ್ವಲ್ಪ ವಿಚಿತ್ರ. ಪಿಂಗ್ (ಆ ಕಡೆ ಯಾರಾದರೂ ಇದ್ದಾರಾ ಅಂತ ಕೇಳುವ ಸಣ್ಣ ಪರೀಕ್ಷೆ) ಬರುತ್ತದೆ. ವಾಟ್ಸಾಪ್ ಮೆಸೇಜ್ ಹೋಗುತ್ತದೆ. ಯೂಟ್ಯೂಬ್ ಸಲೀಸಾಗಿ ಓಡುತ್ತದೆ. ಬ್ಯಾಂಕಿನ ಪೇಜ್ ಮಾತ್ರ ಸುತ್ತುತ್ತಲೇ ಇರುತ್ತದೆ. ಇಮೇಲ್‌ಗೆ ಫೋಟೊ ಸೇರಿಸಿದರೆ ಅರ್ಧಕ್ಕೆ ನಿಲ್ಲುತ್ತದೆ. ವಿದೇಶಿ ಅತಿಥಿ ಬಂದರೆ 24 ಗಂಟೆಯೊಳಗೆ ಅವರ ವಿವರವನ್ನು ಆನ್‌ಲೈನ್‌ನಲ್ಲಿ ಸಲ್ಲಿಸಬೇಕು ಅಲ್ವಾ, ಆ ಅಪ್‌ಲೋಡ್ ಕೂಡ ಕೈಕೊಡುತ್ತದೆ. ಬೆಂಗಳೂರಿನ ಕೆಲಸವನ್ನು ಲ್ಯಾಪ್‌ಟಾಪ್‌ನಲ್ಲಿ ಹೊತ್ತು ತಂದ ಅತಿಥಿಗೆ ಆಫೀಸಿನ ವಿಪಿಎನ್ ಕನೆಕ್ಟ್ ಆಗುತ್ತದೆ, ಆದರೆ ಒಳಗೆ ಏನೂ ತೆರೆಯುವುದಿಲ್ಲ. ಅದೇ ಲ್ಯಾಪ್‌ಟಾಪ್ ದೊಡ್ಡ ಮನೆಗೆ ತಂದರೆ ಎಲ್ಲವೂ ಸರಿ.

ಮಳೆ, ಸಿಗ್ನಲ್ ಇಲ್ಲ ಅಂತ ಡಿಶ್ ತಿರುಗಿಸಲು ಏಣಿ ಹತ್ತುವ ಮೊದಲು ಒಂದು ಮಾತು. ಸಿಗ್ನಲ್ ಕೆಟ್ಟರೆ ಎಲ್ಲವೂ ಸ್ವಲ್ಪ ಸ್ವಲ್ಪ ನಿಧಾನವಾಗುತ್ತದೆ. ಕೆಲವು ಪೂರ್ತಿ ನಿಂತು, ಉಳಿದವು ಏನೂ ಆಗದಂತೆ ನಡೆಯುತ್ತಿದ್ದರೆ ಅನುಮಾನ ಬೇರೆ ಕಡೆ ಹೋಗಬೇಕು. ದೊಡ್ಡ ಪ್ಯಾಕೆಟ್‌ಗಳು ಬ್ರಿಡ್ಜ್‌ನಲ್ಲಿ ಬಿದ್ದುಹೋಗುತ್ತಿರಬಹುದು.

1500 ಬೈಟ್ ಎಂಬ ಗಡಿ

ಇಂಟರ್‌ನೆಟ್‌ನಲ್ಲಿ ಏನು ಕಳಿಸಿದರೂ ಅದು ಸಣ್ಣ ಸಣ್ಣ ತುಂಡುಗಳಾಗಿ ಹೋಗುತ್ತದೆ. ಆ ತುಂಡೇ ಪ್ಯಾಕೆಟ್. ಒಂದು ದಾರಿಯಲ್ಲಿ ಎಷ್ಟು ದೊಡ್ಡ ಪ್ಯಾಕೆಟ್ ಹೋಗಬಹುದು ಎಂಬ ಮಿತಿಗೆ ಎಂಟಿಯು ಅನ್ನುತ್ತಾರೆ. ಮಾಮೂಲಿ ಈಥರ್ನೆಟ್‌ನಲ್ಲಿ ಅದು 1500 ಬೈಟ್. 1980ರಲ್ಲಿ ಡಿಜಿಟಲ್, ಇಂಟೆಲ್, ಜೆರಾಕ್ಸ್ ಕಂಪನಿಗಳು ಸೇರಿ ಈಥರ್ನೆಟ್ ನಿಯಮ ಪ್ರಕಟಿಸಿದಾಗ ಇಟ್ಟ ಅಂಕಿ ಇದು. ಇವತ್ತಿಗೂ ನಿಮ್ಮ ಫೋನು, ಲ್ಯಾಪ್‌ಟಾಪು, ಟಿವಿ ಎಲ್ಲವೂ ಇದನ್ನೇ ನಂಬಿಕೊಂಡಿವೆ.

ತೊಂದರೆ ಬರುವುದು ದಾರಿಯ ಮಧ್ಯೆ ಈ ಮಿತಿ ಕಡಿಮೆಯಾದಾಗ. ಹಾಗಾಗಲು ಕಾರಣ ಹೆಚ್ಚಾಗಿ ಒಂದೇ: ಪ್ಯಾಕೆಟ್ ಮೇಲೆ ಯಾರೋ ಇನ್ನೊಂದು ಹೊದಿಕೆ ಹಾಕಿರುತ್ತಾರೆ. ಫೈಬರ್ ಕನೆಕ್ಷನ್‌ನಲ್ಲಿ ಯೂಸರ್ ನೇಮ್, ಪಾಸ್‌ವರ್ಡ್ ಹಾಕಿ ಡಯಲ್ ಮಾಡುವ ಪಿಪಿಪಿಒಇ ಇದೆಯಲ್ಲ, ಅದು 8 ಬೈಟ್ ತಿನ್ನುತ್ತದೆ. ಉಳಿಯುವುದು 1492. ಒಂದೇ ತಂತಿಯಲ್ಲಿ ಹೋಗುವ ಬೇರೆ ಬೇರೆ ನೆಟ್‌ವರ್ಕ್‌ಗಳನ್ನು ಗುರುತಿಸುವ ವಿಲ್ಯಾನ್ ಟ್ಯಾಗ್ 4 ಬೈಟ್ ಸೇರಿಸುತ್ತದೆ. ಇವತ್ತಿನ ಸ್ವಿಚ್‌ಗಳು ಈ 4 ಬೈಟನ್ನು ಹೆಚ್ಚಿಗೆ ತಗೊಳ್ಳುತ್ತವೆ, ಕೆಲವು ಹಳೆಯ ಸಾಧನಗಳು ತಗೊಳ್ಳುವುದಿಲ್ಲ. ಒಂದು ಪ್ಯಾಕೆಟನ್ನು ಪೂರ್ತಿಯಾಗಿ ಇನ್ನೊಂದರೊಳಗೆ ತುಂಬಿ ಸಾಗಿಸುವ ಟನಲ್‌ಗಳಂತೂ ಇನ್ನೂ ಜಾಸ್ತಿ ಕೇಳುತ್ತವೆ.

ತೋಟದಲ್ಲಿ ಟನಲ್ ಯಾಕೆ ಬೇಕು? ಡಿಶ್ ಜೋಡಿ ಒಂದೇ ಇರುತ್ತದೆ. ಅದರ ಮೇಲೆಯೇ ಕಣದ ಸಿಸಿಟಿವಿ, ಆಫೀಸ್ ಕಂಪ್ಯೂಟರ್ ಹೋಗಬೇಕು, ಅತಿಥಿಗಳ ವೈಫೈ ಕೂಡ ಹೋಗಬೇಕು, ಎರಡೂ ಬೆರೆಯಬಾರದು. ಅದಕ್ಕೆ ಅತಿಥಿಗಳ ನೆಟ್‌ವರ್ಕನ್ನು ವಿಎಕ್ಸ್‌ಲ್ಯಾನ್ ಎಂಬ ಟನಲ್‌ನಲ್ಲಿ ತುಂಬಿ ದಾಟಿಸುತ್ತಾರೆ ಅಂದುಕೊಳ್ಳಿ. ಹೆಡರ್ ಅಂದರೆ ಪ್ಯಾಕೆಟ್ ಮುಂದೆ ಅಂಟಿಸುವ ವಿಳಾಸ ಚೀಟಿ. ಲೆಕ್ಕ ಹೀಗೆ: ಹೊರಗಿನ ಐಪಿ ಹೆಡರ್ 20, ಯುಡಿಪಿ ಹೆಡರ್ 8, ವಿಎಕ್ಸ್‌ಲ್ಯಾನ್ ಹೆಡರ್ 8, ಒಳಗಿನ ಈಥರ್ನೆಟ್ ಹೆಡರ್ 14. ಒಟ್ಟು 50. ರೇಡಿಯೊ ಹಾದಿಯ ಮಿತಿ 1500 ಇದ್ದರೆ ಟನಲ್ ಒಳಗೆ ಹೋಗಬಲ್ಲ ಪ್ಯಾಕೆಟ್ 1450 ಮಾತ್ರ. ಈ 1450 ಅನ್ನು ನೆನಪಿಟ್ಟುಕೊಳ್ಳಿ, ಮುಂದೆ ಇದರ ಮೇಲೆಯೇ ಲೆಕ್ಕ.

ರೂಟರ್ ಹೇಳಿ ಕಳಿಸುತ್ತೆ, ಬ್ರಿಡ್ಜ್ ಸುಮ್ನೆ ಇರುತ್ತೆ

ದಾರಿ ಕಿರಿದಾದಾಗ ಏನು ಮಾಡಬೇಕು ಅನ್ನುವುದನ್ನು 1990ರಲ್ಲೇ ಯೋಚಿಸಿಟ್ಟಿದ್ದಾರೆ. ಕಳಿಸುವ ಕಂಪ್ಯೂಟರ್ ಪ್ಯಾಕೆಟ್ ಮೇಲೆ ‘ತುಂಡು ಮಾಡಬೇಡಿ’ ಎಂಬ ಗುರುತು ಹಾಕುತ್ತದೆ. ಮಧ್ಯದ ರೂಟರ್‌ಗೆ ಅದನ್ನು ದಾಟಿಸಲು ಆಗದಿದ್ದರೆ ಪ್ಯಾಕೆಟ್ ಬಿಸಾಕಿ, ಕಳಿಸಿದವರಿಗೆ ಒಂದು ಸಣ್ಣ ಐಸಿಎಂಪಿ ಸಂದೇಶ ವಾಪಸ್ ಕಳಿಸುತ್ತದೆ: ಇಲ್ಲಿ ಇಷ್ಟೇ ಬೈಟ್ ಹಿಡಿಯುತ್ತೆ, ಚಿಕ್ಕದು ಮಾಡಿ ಕಳಿಸಿ. ಕಳಿಸಿದವರು ಅಳತೆ ಇಳಿಸಿಕೊಳ್ಳುತ್ತಾರೆ. ಇಂಟರ್‌ನೆಟ್ ವಿಳಾಸದ ಹೊಸ ಪದ್ಧತಿಯಾದ ಐಪಿವಿ6ನಲ್ಲಿ (ಹಳೆಯದು ಐಪಿವಿ4) ದಾರಿಯ ರೂಟರ್‌ಗಳು ಪ್ಯಾಕೆಟ್ ತುಂಡು ಮಾಡುವುದೇ ಇಲ್ಲ. ಹಾಗಾಗಿ ಅಲ್ಲಿ ಈ ಸಂದೇಶ ಇನ್ನೂ ಮುಖ್ಯ.

ಸಂಪಾಜೆ ಕಡೆಯಿಂದ ಮಡಿಕೇರಿಗೆ ಹತ್ತುವ ಲಾರಿಯನ್ನು ನೆನೆಸಿಕೊಳ್ಳಿ. ಮಳೆಗಾಲದಲ್ಲಿ ಭಾರಿ ವಾಹನಕ್ಕೆ ನಿರ್ಬಂಧ ಇದ್ದರೆ ಗೇಟ್‌ನಲ್ಲಿರುವವರು ಕೈ ಅಡ್ಡ ಹಿಡಿದು, ಇಷ್ಟು ಟನ್‌ಗಿಂತ ಜಾಸ್ತಿ ಬಿಡಲ್ಲ ಅಂತ ಹೇಳಿ ವಾಪಸ್ ಕಳಿಸುತ್ತಾರೆ. ಡ್ರೈವರ್ ಮಾಲೀಕರಿಗೆ ಫೋನ್ ಮಾಡುತ್ತಾನೆ, ಮಾಲು ಚಿಕ್ಕ ಗಾಡಿಗಳಲ್ಲಿ ಬರುತ್ತದೆ. ರೂಟರ್ ಮಾಡುವುದು ಇದನ್ನೇ. ಆದರೆ ಗೇಟೂ ಇಲ್ಲ, ಹೇಳುವವರೂ ಇಲ್ಲ, ಹೋದ ಲಾರಿ ಮಾತ್ರ ತಲುಪುತ್ತಿಲ್ಲ ಅಂದರೆ? ಮಾಲೀಕ ಇನ್ನೊಂದು ಲಾರಿ ಕಳಿಸುತ್ತಾನೆ. ಅದೂ ಅಷ್ಟೇ ಭಾರದ್ದು.

ಬ್ರಿಡ್ಜ್‌ನಲ್ಲಿ ಆಗುವುದು ಈ ಎರಡನೆಯದು. ಬ್ರಿಡ್ಜ್ ಕೆಲಸ ಮಾಡುವುದು ಐಪಿ ವಿಳಾಸದ ಕೆಳಗಿನ ಮಟ್ಟದಲ್ಲಿ. ಯಾವ ಪೋರ್ಟ್‌ನಿಂದ ಬಂತು, ಯಾವ ಪೋರ್ಟ್‌ಗೆ ಹೋಗಬೇಕು, ಅಷ್ಟೇ ಅದರ ಲೆಕ್ಕ. ಎರಡು ತುದಿಯವರಿಗೂ ಮಧ್ಯದಲ್ಲಿ ಅದು ಇದೆ ಅಂತಲೇ ಗೊತ್ತಿರುವುದಿಲ್ಲ. ಲಿನಕ್ಸ್ ಎಂಬ ಸಿಸ್ಟಮ್ ಓಡುವ ಬ್ರಿಡ್ಜ್ ಪೆಟ್ಟಿಗೆಯಲ್ಲಿ ಒಂದು ಪೋರ್ಟ್ 1500, ಇನ್ನೊಂದು ಟನಲ್‌ನ 1450 ಎಂದಿಟ್ಟುಕೊಳ್ಳಿ. 1492 ಬೈಟಿನ ಪ್ಯಾಕೆಟ್ ಬಂದರೆ ಅದನ್ನು ತುಂಡು ಮಾಡುವುದಿಲ್ಲ, ಯಾರಿಗೂ ಹೇಳುವುದಿಲ್ಲ, ಸುಮ್ನೆ ಬಿಸಾಕುತ್ತದೆ.

ಇನ್ನು ಮೇಲಿನ ವಿಚಿತ್ರ ದೂರುಗಳು ಅರ್ಥವಾಗುತ್ತವೆ. ಪಿಂಗ್, ಸಣ್ಣ ಮೆಸೇಜ್ ಇವೆಲ್ಲ ಚಿಕ್ಕ ಪ್ಯಾಕೆಟ್, ದಾಟುತ್ತವೆ. ಸುರಕ್ಷಿತ ವೆಬ್‌ಸೈಟ್ ತೆರೆದಾಗ ಸರ್ವರ್ ತನ್ನ ಪ್ರಮಾಣಪತ್ರ ಕಳಿಸುತ್ತದೆ. ಅದು ಹಲವು ಸಾವಿರ ಬೈಟ್ ಇರಬಹುದು, ಹಾಗಾಗಿ ತುಂಬಿದ ಪ್ಯಾಕೆಟ್‌ಗಳಲ್ಲೇ ಬರುತ್ತದೆ. ಅವು ಬೀಳುತ್ತವೆ, ಪೇಜ್ ಸುತ್ತುತ್ತದೆ. ಯೂಟ್ಯೂಬ್ ಬಹುಪಾಲು ಕ್ವಿಕ್ ಎಂಬ ಹೊಸ ವಿಧಾನ ಬಳಸುತ್ತದೆ. ಅದು ಸುಮಾರು 1200 ಬೈಟಿನಿಂದ ಶುರು ಮಾಡಿ, ದಾರಿ ಎಷ್ಟು ಹಿಡಿಯುತ್ತೆ ಅಂತ ತಾನೇ ಪರೀಕ್ಷಿಸಿಕೊಳ್ಳಬಲ್ಲದು. ಅದಕ್ಕೇ ತಪ್ಪಿಸಿಕೊಳ್ಳುತ್ತದೆ.

ಮೊದಲು ಸರಿ ಇತ್ತು, ಈಗ ಯಾಕೆ ಅನ್ನುವವರಿಗೂ ಒಂದು ಉತ್ತರ ಇದೆ. 2024ರಲ್ಲಿ ಕ್ರೋಮ್ ಬ್ರೌಸರ್, ಮುಂದಿನ ಕ್ವಾಂಟಮ್ ಕಂಪ್ಯೂಟರ್‌ಗಳಿಗೂ ಜಗ್ಗದಂಥ ಕೀಲಿಯನ್ನು ಸೇರಿಸಿತು. ಆ ಕೀಲಿಯೊಂದೇ ಸಾವಿರ ಬೈಟ್ ದಾಟುತ್ತದೆ. ಆದ್ದರಿಂದ ಬ್ರೌಸರ್ ಕಳಿಸುವ ಮೊದಲ ನಮಸ್ಕಾರವೇ ಈಗ ಒಂದು ಪ್ಯಾಕೆಟ್‌ನಲ್ಲಿ ಹಿಡಿಸದೆ ಎರಡಾಗುವುದುಂಟು, ಮೊದಲನೆಯದು ತುಂಬಿಕೊಂಡೇ ಹೊರಡುತ್ತದೆ. ಹಿಂದೆ ಬರುವ ಹಾದಿಯಲ್ಲಿ ಮಾತ್ರ ಕಾಣುತ್ತಿದ್ದ ತೊಂದರೆ ಈಗ ಹೋಗುವ ಹಾದಿಯಲ್ಲೇ ಕಾಣುತ್ತದೆ.

ಅಳೆದು ನೋಡುವುದು

ಕಾಟೇಜಿನಲ್ಲಿ ಕುಳಿತು ದೊಡ್ಡ ಮನೆಯ ರೂಟರ್‌ಗೇ ಪಿಂಗ್ ಮಾಡಿ. ಹೊರಗಿನ ವೆಬ್‌ಸೈಟ್‌ಗೆ ಬೇಡ, ಮೊದಲು ಬ್ರಿಡ್ಜ್ ಒಂದನ್ನೇ ಅಳೆಯೋಣ. ವಿಂಡೋಸ್‌ನ ಪಿಂಗ್‌ನಲ್ಲಿ ‘ಎಫ್’ ಆಯ್ಕೆ ಹಾಕಿದರೆ ತುಂಡು ಮಾಡಬೇಡಿ ಎಂಬ ಗುರುತು, ‘ಎಲ್’ ಆಯ್ಕೆಯ ಮುಂದೆ ಅಳತೆ. ಅಳತೆಗೆ 1472 ಕೊಡಿ. ಇದರ ಮೇಲೆ ಐಸಿಎಂಪಿ ಹೆಡರ್ 8, ಐಪಿ ಹೆಡರ್ 20 ಸೇರಿ ಸರಿಯಾಗಿ 1500 ಆಗುತ್ತದೆ.

ಉತ್ತರ ಬಂದರೆ ಬ್ರಿಡ್ಜ್ ಸರಿ ಇದೆ. ಬರದಿದ್ದರೆ 1400 ಕೊಟ್ಟು ನೋಡಿ. 1400 ಬಂತು, 1472 ಇಲ್ಲ ಅಂದರೆ ಮಧ್ಯದ ಅಂಕಿಗಳನ್ನು ಹಾಕುತ್ತಾ ಹೋಗಿ. ನಮ್ಮ ಉದಾಹರಣೆಯಲ್ಲಿ 1422 ದಾಟುತ್ತದೆ, 1423 ದಾಟುವುದಿಲ್ಲ. 1422ಕ್ಕೆ 28 ಸೇರಿಸಿದರೆ 1450.

ಸೋತಾಗ ಪರದೆಯ ಮೇಲೆ ಏನು ಬರುತ್ತದೆ ಅನ್ನುವುದನ್ನೂ ಗಮನಿಸಬೇಕು. ಪ್ಯಾಕೆಟ್ ತುಂಡು ಮಾಡಬೇಕಿತ್ತು, ಆದರೆ ಗುರುತು ಅಡ್ಡ ಬಂತು ಎಂಬ ಅರ್ಥದ ಸಾಲು ಬಂದರೆ ನಿಮ್ಮ ಕಂಪ್ಯೂಟರೋ ದಾರಿಯ ರೂಟರೋ ಮಾತಾಡಿದೆ ಎಂದರ್ಥ. ಅದು ಆರೋಗ್ಯದ ಲಕ್ಷಣ. ಟೈಮ್ ಔಟ್ ಅಂತ ಮಾತ್ರ ಬಂದರೆ ಯಾರೂ ಮಾತಾಡಲಿಲ್ಲ. ಸಣ್ಣದಕ್ಕೆ ಉತ್ತರ, ದೊಡ್ಡದಕ್ಕೆ ಟೈಮ್ ಔಟ್ ಅಂದರೆ ಕಳ್ಳ ಸಿಕ್ಕ ಹಾಗೆ.

ಫೈರ್‌ವಾಲ್ ನಿಯಮ ಇಲ್ಲಿ ಏನು ಮಾಡುತ್ತೆ

ಫೈರ್‌ವಾಲ್ ಅಂದರೆ ತಡೆಯುವುದು ಮಾತ್ರ ಅಂತ ಎಷ್ಟೋ ಜನ ಅಂದುಕೊಂಡಿರುತ್ತಾರೆ. ಹಾದುಹೋಗುವ ಪ್ಯಾಕೆಟ್‌ನೊಳಗಿನ ಒಂದು ಅಂಕಿಯನ್ನು ತಿದ್ದುವುದೂ ಅದಕ್ಕೆ ಬರುತ್ತದೆ. ನಮಗೆ ಬೇಕಾಗಿರುವುದು ಅದೇ.

ತಲುಪಿತೇ ಅಂತ ಖಾತ್ರಿ ಮಾಡಿಕೊಂಡು ಕಳಿಸುವ ಟಿಸಿಪಿ ವಿಧಾನದಲ್ಲಿ ಸಂಪರ್ಕ ಶುರುವಾಗುವಾಗ ಎರಡೂ ಕಡೆಯವರು ‘ಸಿನ್’ ಎಂಬ ಗುರುತಿರುವ ಪ್ಯಾಕೆಟ್ ಕಳಿಸುತ್ತಾರೆ. ಅದರಲ್ಲಿ ಎಂಎಸ್‌ಎಸ್ ಎಂಬ ಅಂಕಿ ಇರುತ್ತದೆ. ನನಗೆ ಕಳಿಸುವಾಗ ಒಂದು ಪ್ಯಾಕೆಟ್‌ನಲ್ಲಿ ಇದಕ್ಕಿಂತ ಜಾಸ್ತಿ ಮಾಲು ತುಂಬಬೇಡ ಎಂದು ಅದರ ಅರ್ಥ. 1500ರಿಂದ ಐಪಿ ಹೆಡರ್ 20, ಟಿಸಿಪಿ ಹೆಡರ್ 20 ಕಳೆದು ಸಾಮಾನ್ಯವಾಗಿ 1460 ಎಂದು ಬರೆದಿರುತ್ತಾರೆ. ಪಿಪಿಪಿಒಇ ಇದ್ದರೆ ಮನೆಯ ರೂಟರೇ ಅದನ್ನು 1452ಕ್ಕೆ ಇಳಿಸುವುದು ರೂಢಿ. ಆದರೆ ಆ ರೂಟರ್‌ಗೆ ಹಿಂದಿನ ಬ್ರಿಡ್ಜ್‌ನಲ್ಲಿ ಟನಲ್ ಇರುವ ವಿಷಯ ಗೊತ್ತಿಲ್ಲ.

ಆದ್ದರಿಂದ ಬ್ರಿಡ್ಜ್ ಪೆಟ್ಟಿಗೆಯಲ್ಲೇ ನಿಯಮ ಬರೆಯಬೇಕು. ಕನ್ನಡದಲ್ಲಿ ಹೇಳುವುದಾದರೆ ಇಷ್ಟೇ: ಹಾದುಹೋಗುತ್ತಿರುವುದು ಟಿಸಿಪಿ ಪ್ಯಾಕೆಟ್, ಅದರಲ್ಲಿ ಸಿನ್ ಗುರುತು ಇದೆ, ರೀಸೆಟ್ ಗುರುತು ಇಲ್ಲ ಅಂದರೆ ಎಂಎಸ್‌ಎಸ್ ಅಂಕಿಯನ್ನು 1410 ಮಾಡು. 1450ರಿಂದ 40 ಕಳೆದರೆ 1410. ಐಪಿವಿ6ಗೆ ಬೇರೆ ನಿಯಮ ಬೇಕು, ಅಲ್ಲಿ ಐಪಿ ಹೆಡರ್ 40 ಬೈಟ್ ಇರುವುದರಿಂದ ಅಂಕಿ 1390. ಇದನ್ನು ಮರೆತವರಿಗೆ ಅರ್ಧ ಸೈಟ್‌ಗಳು ಸರಿಹೋಗಿ ಅರ್ಧ ಹಾಗೇ ಉಳಿಯುತ್ತವೆ.

ಈ ಉಪಾಯದ ಚೆಂದ ಏನೆಂದರೆ, ಸಂಪರ್ಕ ಶುರುವಾಗುವಾಗ ಒಂದೊಂದು ಪ್ಯಾಕೆಟ್ ಮುಟ್ಟಿದರೆ ಸಾಕು. ಆಮೇಲೆ ಎರಡು ತುದಿಯವರೂ ತಾವಾಗಿಯೇ ಚಿಕ್ಕ ಪ್ಯಾಕೆಟ್ ಕಳಿಸುತ್ತಾರೆ. ಹೋಗುವ ಸಿನ್, ಉತ್ತರವಾಗಿ ಬರುವ ಸಿನ್ ಎರಡೂ ಒಂದೇ ಪೆಟ್ಟಿಗೆಯ ಮೂಲಕ ಹಾದುಹೋಗುವುದರಿಂದ ಗದ್ದೆಯ ಎರಡೂ ಕಡೆ ನಿಯಮ ಹಾಕಬೇಕಿಲ್ಲ, ಒಂದು ಕಡೆ ಸಾಕು. ಬರೆದ ಅಂಕಿ ಮೊದಲೇ 1410ಕ್ಕಿಂತ ಕಡಿಮೆ ಇದ್ದರೆ ಲಿನಕ್ಸ್ ಅದನ್ನು ಏರಿಸುವುದಿಲ್ಲ. ಇಳಿಸುವುದು ಮಾತ್ರ.

ಲಿನಕ್ಸ್‌ನ ಫೈರ್‌ವಾಲ್ ಆದ ಐಪಿಟೇಬಲ್ಸ್‌ನಲ್ಲಿ ದಾರಿಯ ಮಿತಿ ನೋಡಿ ನೀನೇ ಅಂಕಿ ಆರಿಸಿಕೋ ಎನ್ನುವ ಆಯ್ಕೆಯೂ ಇದೆ. ರೂಟರ್‌ನಲ್ಲಿ ಅದು ಒಳ್ಳೆಯದು. ಬ್ರಿಡ್ಜ್‌ನಲ್ಲಿ ಪ್ಯಾಕೆಟ್‌ಗೆ ನಿಜವಾದ ರೂಟ್ ಲೆಕ್ಕ ಆಗುವುದಿಲ್ಲ, ಹಾಗಾಗಿ ಅದನ್ನು ನಂಬುವ ಬದಲು ಅಳೆದ ಅಂಕಿಯನ್ನೇ ನೇರ ಬರೆಯಿರಿ.

ನಿಯಮ ಇದೆ, ಕೌಂಟರ್ ಮಾತ್ರ ಸೊನ್ನೆ

ಜನ ಜಾಸ್ತಿ ಒದ್ದಾಡುವುದು ಇಲ್ಲಿ. ನಿಯಮ ಸರಿಯಾಗಿ ಬರೆದಿರುತ್ತಾರೆ, ಎಷ್ಟು ಪ್ಯಾಕೆಟ್‌ಗೆ ತಾಗಿತು ಎಂದು ಎಣಿಸುವ ಪಕ್ಕದ ಕೌಂಟರ್ ಅಲುಗುವುದೇ ಇಲ್ಲ. ಅಂದರೆ ಪ್ಯಾಕೆಟ್‌ಗಳು ಆ ನಿಯಮದ ಮುಂದೆ ಹಾದುಹೋಗುತ್ತಲೇ ಇಲ್ಲ.

ಐಪಿಟೇಬಲ್ಸ್ ಐಪಿ ಮಟ್ಟದ ಫೈರ್‌ವಾಲ್. ಬ್ರಿಡ್ಜ್ ಅದರ ಕೆಳಗೆ ಕೆಲಸ ಮಾಡುತ್ತದೆ. ಬ್ರಿಡ್ಜ್ ಪ್ಯಾಕೆಟ್‌ಗಳನ್ನೂ ಐಪಿಟೇಬಲ್ಸ್‌ಗೆ ತೋರಿಸು ಎಂದು ಬೇರೆಯಾಗಿ ಹೇಳಬೇಕು. ಲಿನಕ್ಸ್‌ನಲ್ಲಿ ಅದಕ್ಕೆ ‘ಬಿಆರ್ ನೆಟ್‌ಫಿಲ್ಟರ್’ ಎಂಬ ಮಾಡ್ಯೂಲ್ ಇದೆ. ಲಿನಕ್ಸ್‌ನ ತಿರುಳಾದ ಕರ್ನಲ್‌ನ 3.18ನೇ ಆವೃತ್ತಿಯಿಂದ ಅದು ಬೇರೆ ಮಾಡ್ಯೂಲ್ ಆಗಿರುವುದರಿಂದ ಲೋಡ್ ಮಾಡದಿದ್ದರೆ ಇರುವುದಿಲ್ಲ. ಐಪಿಟೇಬಲ್ಸ್ ಬದಲಿಗೆ ಬಂದ ಎನ್‌ಎಫ್‌ಟೇಬಲ್ಸ್ ಬಳಸುವವರಿಗೆ ದಾರಿ ಇನ್ನೂ ನೇರ: ಅದರಲ್ಲಿ ಬ್ರಿಡ್ಜ್‌ಗೆಂದೇ ಒಂದು ವಿಭಾಗ ಇದೆ, ನಿಯಮವನ್ನು ಅಲ್ಲೇ ಬರೆಯಬಹುದು. ಹೊಸದಾಗಿ ಮಾಡುವವರು ಇದನ್ನೇ ಆರಿಸಿಕೊಳ್ಳುವುದು ಮೇಲು. ಮೈಕ್ರೊಟಿಕ್ ಕಂಪನಿಯ ಪೆಟ್ಟಿಗೆಗಳಲ್ಲಿ ಬ್ರಿಡ್ಜ್ ಸೆಟಿಂಗ್ಸ್ ಒಳಗೆ ಐಪಿ ಫೈರ್‌ವಾಲ್ ಬಳಸು ಎಂಬ ಟಿಕ್ ಇರುತ್ತದೆ. ಅದನ್ನು ಹಾಕದೆ ಪ್ಯಾಕೆಟ್ ತಿದ್ದುವ ಮ್ಯಾಂಗಲ್ ವಿಭಾಗದಲ್ಲಿ ಎಷ್ಟು ನಿಯಮ ಬರೆದರೂ ಬ್ರಿಡ್ಜ್ ದಾಟುವ ಪ್ಯಾಕೆಟ್‌ಗೆ ತಾಗುವುದಿಲ್ಲ.

ಇನ್ನೂ ಎರಡು ಕಡೆ ನೋಡಬೇಕು. ಪ್ಯಾಕೆಟ್ ಮೇಲೆ ವಿಲ್ಯಾನ್ ಟ್ಯಾಗ್ ಅಥವಾ ಪಿಪಿಪಿಒಇ ಹೊದಿಕೆ ಇದ್ದರೆ ಒಳಗಿನ ಐಪಿ ಭಾಗ ಐಪಿಟೇಬಲ್ಸ್‌ಗೆ ಕಾಣುವುದಿಲ್ಲ. ಅದನ್ನು ಬಿಚ್ಚಿ ನೋಡು ಎಂಬ ಆಯ್ಕೆಗಳು ಲಿನಕ್ಸ್‌ನಲ್ಲಿ ಇವೆ, ಆದರೆ ಮೊದಲಿಗೆ ಆಫ್ ಆಗಿರುತ್ತವೆ. ಇನ್ನೊಂದು, ಹಾರ್ಡ್‌ವೇರ್ ಆಫ್‌ಲೋಡ್. ಸ್ವಿಚ್ ಚಿಪ್ಪೇ ಪ್ಯಾಕೆಟ್ ದಾಟಿಸಿಬಿಟ್ಟರೆ ಅದು ಪ್ರೊಸೆಸರ್‌ವರೆಗೆ ಬರುವುದೇ ಇಲ್ಲ, ಫೈರ್‌ವಾಲ್‌ಗೆ ಕಾಣುವುದು ಎಲ್ಲಿಂದ?

ದೊಡ್ಡದನ್ನೆಲ್ಲ ಬಿಸಾಕು ಅನ್ನಬಹುದಾ?

1450 ಮೀರಿದ ಪ್ಯಾಕೆಟ್ ತಡೆ ಎಂಬ ನಿಯಮ ಬರೆಯಲು ಬರುತ್ತದೆ. ಆದರೆ ಬ್ರಿಡ್ಜ್ ಮೊದಲೇ ಅವನ್ನು ಬಿಸಾಕುತ್ತಿದೆ, ನೀವು ತಡೆದು ಏನು ಸಿಗುತ್ತದೆ? ತಡೆಯುವಾಗ ಕಳಿಸಿದವರಿಗೆ ಹೇಳೋಣ ಅಂದರೆ, ಐಪಿಟೇಬಲ್ಸ್‌ನ ರಿಜೆಕ್ಟ್ ಕಳಿಸಬಲ್ಲ ಸಂದೇಶಗಳ ಪಟ್ಟಿಯಲ್ಲಿ ‘ಚಿಕ್ಕದು ಮಾಡಿ’ ಎಂಬುದೇ ಇಲ್ಲ. ಎಣಿಸುವುದಕ್ಕೆ ಮಾತ್ರ ಇಂಥ ನಿಯಮ ಉಪಯೋಗ: ಎಂಎಸ್‌ಎಸ್ ಇಳಿಸಿದ ಮೇಲೆ ದೊಡ್ಡ ಪ್ಯಾಕೆಟ್‌ಗಳ ಎಣಿಕೆ ನಿಂತಿತೇ ಅಂತ ನೋಡಬಹುದು.

ಅದರಲ್ಲೂ ಒಂದು ಮೋಸ ಇದೆ. ಲಿನಕ್ಸ್ ಕೆಲಸ ಬೇಗ ಆಗಲೆಂದು ಒಂದೇ ಸಂಪರ್ಕದ ಹಲವು ಸಣ್ಣ ಪ್ಯಾಕೆಟ್‌ಗಳನ್ನು ಒಳಗೆ ಬರುವಾಗಲೇ ಒಟ್ಟುಗೂಡಿಸಿ, ಹೊರಗೆ ಹೋಗುವಾಗ ಮತ್ತೆ ಬಿಡಿಸುತ್ತದೆ. ಇದಕ್ಕೆ ಜಿಆರ್‌ಒ ಎಂದು ಹೆಸರು. ಫೈರ್‌ವಾಲ್ ನೋಡುವುದು ಈ ಒಟ್ಟುಗೂಡಿದ ರೂಪವನ್ನು. ಅಲ್ಲಿ 2900, 5000, ಇನ್ನೂ ದೊಡ್ಡ ಅಂಕಿಗಳೂ ಕಾಣುತ್ತವೆ, ತಂತಿಯ ಮೇಲೆ ಅಂಥವು ಇರುವುದೇ ಇಲ್ಲ. ಉದ್ದ ನೋಡಿ ಬಿಸಾಕುವ ನಿಯಮ ಹಾಕಿದವರು ಒಳ್ಳೆಯ ಪ್ಯಾಕೆಟ್‌ಗಳನ್ನೇ ಕೊಂದಿರುತ್ತಾರೆ. ಎಣಿಸುವಷ್ಟು ಹೊತ್ತು ಜಿಆರ್‌ಒ ಆಫ್ ಮಾಡಿ.

ತಡೆಯಲೇಬಾರದ್ದು ಐಸಿಎಂಪಿ. ಭದ್ರತೆಗೆಂದು ಐಸಿಎಂಪಿ ಪೂರ್ತಿ ಬಂದ್ ಮಾಡುವ ಅಭ್ಯಾಸ ಇನ್ನೂ ಹೋಗಿಲ್ಲ. ಐಪಿವಿ4ರಲ್ಲಿ ಮೂರನೇ ವಿಧದ ನಾಲ್ಕನೇ ಸಂಕೇತ, ಐಪಿವಿ6ನಲ್ಲಿ ಎರಡನೇ ವಿಧ, ಇವು ಮೇಲೆ ಹೇಳಿದ ‘ಚಿಕ್ಕದು ಮಾಡಿ’ ಸಂದೇಶಗಳು. ಪಿಂಗ್ ಬೇಕಿದ್ದರೆ ನಿಲ್ಲಿಸಿ, ಇವನ್ನು ಬಿಡಿ.

ನಿಯಮಕ್ಕಿಂತ ಮೊದಲು ರೇಡಿಯೊ ನೋಡಿ

ಫೈರ್‌ವಾಲ್ ನಿಯಮ ಒಳ್ಳೆಯ ಉಪಾಯ, ಆದರೆ ಮೊದಲ ಉಪಾಯ ಅಲ್ಲ. ಎಷ್ಟೋ ರೇಡಿಯೊ ಡಿಶ್‌ಗಳು 1500ಕ್ಕಿಂತ ದೊಡ್ಡ ಎಂಟಿಯು ಒಪ್ಪುತ್ತವೆ. ಎರಡೂ ಡಿಶ್, ನಡುವಿನ ಸ್ವಿಚ್ ಎಲ್ಲವನ್ನೂ 1550 ಅಥವಾ 1600ಕ್ಕೆ ಏರಿಸಿದರೆ ಟನಲ್‌ನ 50 ಬೈಟ್ ಅಲ್ಲೇ ಹಿಡಿಸುತ್ತದೆ. ಒಳಗೆ ಪೂರ್ತಿ 1500 ಸಿಗುತ್ತದೆ. ಯಾವ ನಿಯಮವೂ ಬೇಡ. ಒಂದೇ ಒಂದು ಪೆಟ್ಟಿಗೆ ಒಪ್ಪದಿದ್ದರೂ ಮತ್ತೆ ಅದೇ ಕತೆ, ಹಾಗಾಗಿ ಏರಿಸಿದ ಮೇಲೆ 1472ರ ಪಿಂಗ್ ಇನ್ನೊಮ್ಮೆ ಮಾಡಬೇಕು.

ಟನಲ್‌ನ ಹೊರಗಿನ ಪ್ಯಾಕೆಟನ್ನು ಎರಡಾಗಿ ತುಂಡು ಮಾಡಿ ಕಳಿಸುವ ಸೆಟಿಂಗ್ ಕೂಡ ಕೆಲವು ಕಡೆ ಇದೆ. ಕೆಲಸ ಆಗುತ್ತದೆ. ಆದರೆ ಮಳೆಯಲ್ಲಿ ರೇಡಿಯೊ ಒಂದು ತುಂಡು ಕಳೆದರೆ ಇನ್ನೊಂದೂ ವ್ಯರ್ಥ. ಜುಲೈ ತಿಂಗಳ ಭಾಗಮಂಡಲಕ್ಕೆ ಇದು ಹೇಳಿ ಮಾಡಿಸಿದ್ದಲ್ಲ.

ವಿಪಿಎನ್ ಅತಿಥಿ ಇನ್ನೂ ಗೊಣಗುತ್ತಿದ್ದರೆ

ಎಂಎಸ್‌ಎಸ್ ಎಂಬುದು ಟಿಸಿಪಿಯಲ್ಲಿ ಮಾತ್ರ ಇದೆ. ಯುಡಿಪಿ ಎಂಬ ಇನ್ನೊಂದು ಸಾಗಣೆ ವಿಧಾನದಲ್ಲಿ ಅಂಥ ಅಂಕಿಯೇ ಇಲ್ಲ, ತಿದ್ದುವುದಕ್ಕೆ ಏನೂ ಸಿಗುವುದಿಲ್ಲ. ವೈರ್‌ಗಾರ್ಡ್ ಥರದ ವಿಪಿಎನ್‌ಗಳು ಹೋಗುವುದು ಯುಡಿಪಿಯಲ್ಲಿ. ವೈರ್‌ಗಾರ್ಡ್‌ನ ಮಾಮೂಲಿ ಎಂಟಿಯು 1420. ಅದರ ಮೇಲೆ ಐಪಿವಿ4ರಲ್ಲಿ 60 ಬೈಟ್ ಹೊದಿಕೆ ಸೇರಿ 1480 ಆಗುತ್ತದೆ. ನಮ್ಮ ಬ್ರಿಡ್ಜ್ 1450. ಕನೆಕ್ಟ್ ಆಗುವ ಸಣ್ಣ ಪ್ಯಾಕೆಟ್‌ಗಳು ದಾಟಿ, ನಿಜವಾದ ಕೆಲಸದ ಪ್ಯಾಕೆಟ್‌ಗಳು ಬೀಳುವುದು ಇದಕ್ಕೇ. ವಿಪಿಎನ್ ಒಳಗೂ ಟಿಸಿಪಿ ಇರುತ್ತದೆ ನಿಜ, ಆದರೆ ಅದು ಗೂಢಲಿಪಿಯಲ್ಲಿರುವುದರಿಂದ ನಮ್ಮ ನಿಯಮಕ್ಕೆ ಕಾಣುವುದಿಲ್ಲ.

ಇದಕ್ಕೆ ಮದ್ದು ತುದಿಯಲ್ಲೇ ಆಗಬೇಕು. ವಿಪಿಎನ್‌ನ ಎಂಟಿಯು 1390ಕ್ಕೆ ಇಳಿಸಿದರೆ ಐಪಿವಿ4ರಲ್ಲಿ ಸರಿಹೋಗುತ್ತದೆ, ಐಪಿವಿ6 ಮೂಲಕ ಹೋಗುವುದಾದರೆ 1370. ತಲೆಬಿಸಿ ಬೇಡ ಅನ್ನುವವರು 1280 ಇಟ್ಟುಬಿಡಬಹುದು, ಐಪಿವಿ6ಗೆ ಕನಿಷ್ಠ ಅಷ್ಟು ಬೇಕು. ಆದರೆ ಅತಿಥಿಯ ಆಫೀಸ್ ಲ್ಯಾಪ್‌ಟಾಪ್‌ನಲ್ಲಿ ಸೆಟಿಂಗ್ ಬದಲಿಸಲು ಅವರ ಕಂಪನಿ ಬಿಡಬೇಕಲ್ಲ. ಸಾಧನಗಳಿಗೆ ವಿಳಾಸ ಹಂಚುವ ಡಿಎಚ್‌ಸಿಪಿಯ 26ನೇ ಆಯ್ಕೆಯಲ್ಲಿ ಎಂಟಿಯು 1450 ಎಂದು ರೂಟರ್‌ನಿಂದಲೇ ಹೇಳಿ ಕಳಿಸಬಹುದು, ಎಲ್ಲ ಸಾಧನಗಳೂ ಆ ಮಾತು ಕೇಳುವುದಿಲ್ಲ. ಆಗ ಉಳಿಯುವುದು ಎರಡು: ಡಿಶ್‌ಗಳ ಎಂಟಿಯು ಏರಿಸುವುದು, ಇಲ್ಲವೇ ಬ್ರಿಡ್ಜ್ ಬಿಚ್ಚಿ ಕಾಟೇಜಿನಲ್ಲಿ ರೂಟರ್ ಕೂರಿಸುವುದು. ರೂಟರ್ ಆದರೆ ಐಪಿವಿ4 ಪ್ಯಾಕೆಟ್ ಮೇಲೆ ತುಂಡು ಮಾಡಬೇಡಿ ಎಂಬ ಗುರುತು ಇಲ್ಲದಿದ್ದಾಗ ತುಂಡು ಮಾಡಿ ದಾಟಿಸುತ್ತದೆ, ಇದ್ದಾಗ ಚಿಕ್ಕದು ಮಾಡಿ ಅಂತ ಹೇಳಿ ಕಳಿಸುತ್ತದೆ.

ಕೊನೆಯದಾಗಿ ಕರೆಂಟ್ ವಿಷಯ. ಐಪಿಟೇಬಲ್ಸ್, ಎನ್‌ಎಫ್‌ಟೇಬಲ್ಸ್ ಎರಡರಲ್ಲೂ ಟರ್ಮಿನಲ್‌ನಲ್ಲಿ ಟೈಪ್ ಮಾಡಿದ ನಿಯಮ ಪೆಟ್ಟಿಗೆ ರೀಬೂಟ್ ಆದರೆ ಹೋಗುತ್ತದೆ, ಲೋಡ್ ಮಾಡಿದ ಮಾಡ್ಯೂಲ್ ಕೂಡ. ಮಳೆಗಾಲದಲ್ಲಿ ದಿನಕ್ಕೆ ಎಷ್ಟು ಸಲ ಕರೆಂಟ್ ಹೋಗುತ್ತದೆ ಅಂತ ಕೊಡಗಿನವರಿಗೆ ಹೇಳಬೇಕಿಲ್ಲ. ನಿಯಮವನ್ನು ಫೈಲಿನಲ್ಲಿ ಉಳಿಸಿ, ಬೂಟ್ ಆಗುವಾಗ ತಾನಾಗಿ ಬರುವಂತೆ ಮಾಡಿ, ಆಮೇಲೆ ಒಮ್ಮೆ ಬೇಕೆಂದೇ ಪ್ಲಗ್ ಕಿತ್ತು ಹಾಕಿ ಕೌಂಟರ್ ಓಡುತ್ತಿದೆಯೇ ನೋಡಿ.